ಬೆಳೆ, ಬೆಲೆ, ಬೇಳೆ: ನುಡಿದಂತೆ ಬರೆಯುವ ಪಾಠ



ಬೆಳೆ, ಬೆಲೆ, ಬೇಳೆ. ಈ ಮೂರು ಮಾತುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಹೊಲದಲ್ಲಿ ನಿಂತಿರುವುದು ಬೆಳೆ. ಸಂತೆಯಲ್ಲಿ ಅದಕ್ಕೆ ಸಿಗುವುದು ಬೆಲೆ. ತೊಗರಿಯನ್ನು ಒಡೆಸಿದರೆ ಬರುವುದು ಬೇಳೆ. ಮೂರಕ್ಕೂ ಇರುವ ಅಂತರ ಕೂದಲೆಳೆಯಷ್ಟು. ಆದರೆ ಅರ್ಜಿಯಲ್ಲಿ ಆ ಅಂತರ ತಪ್ಪಿತೆಂದರೆ, ಬೆಳೆ ನಷ್ಟವಾಯಿತೆಂದು ಬರೆಯಹೊರಟವರು ಬೆಲೆ ನಷ್ಟವಾಯಿತೆಂದು ಬರೆದುಕೊಟ್ಟಂತಾಗುತ್ತದೆ.

ನಮ್ಮ ಕನ್ನಡ ಲಿಪಿ ದನಿಯನ್ನು ಹಿಡಿದು ನಡೆಯುವ ಲಿಪಿ. ಸ್ವರ ೧೩, ಯೋಗವಾಹ ೨, ವ್ಯಂಜನ ೩೪, ಒಟ್ಟು ೪೯ ಅಕ್ಷರಗಳು. ಬಹುಮಟ್ಟಿಗೆ ಒಂದು ದನಿಗೆ ಒಂದು ಅಕ್ಷರ, ಒಂದು ಅಕ್ಷರಕ್ಕೆ ಒಂದೇ ದನಿ. ಆದ್ದರಿಂದ ಮಾತು ಬಲ್ಲವರಿಗೆ ಅರ್ಧ ಪಾಠ ಆಗಲೇ ಬಂದಿದೆ. ಬರೆಯುವ ಮುನ್ನ ಮಾತನ್ನು ನಿಧಾನವಾಗಿ ಹೇಳಿ, ನಾಲ್ಕು ಸಂಗತಿಗಳನ್ನು ಕಿವಿಗೊಟ್ಟು ಕೇಳಿದರೆ ಸಾಕು.

೧. ಎಳೆತವಿದೆಯೇ? ಹ್ರಸ್ವಕ್ಕೆ ಒಂದು ಮಾತ್ರೆಯ ಕಾಲ, ದೀರ್ಘಕ್ಕೆ ಎರಡು. ಸಲ ಎಂದರೆ ಬಾರಿ. ಸಾಲ ಎಂದರೆ ತೀರಿಸಬೇಕಾದ ಹಣ. ಗಡಿ ಹೊಲದ ಎಲ್ಲೆ. ಗಾಡಿ ಎತ್ತು ಎಳೆಯುವುದು. ಕೊಡು ಎಂದರೆ ನೀಡು. ಕೋಡು ಎಂದರೆ ಕೊಂಬು.

೨. ಒತ್ತು ಇದೆಯೇ? ಕತೆ ಹೇಳುವುದಕ್ಕೆ, ಕತ್ತೆ ಹೊರೆ ಹೊರುವುದಕ್ಕೆ. ಹಣ ಕೈಗೆ ಬರುವುದು, ಹಣ್ಣು ಗಿಡದಲ್ಲಿ ಬಿಡುವುದು. ಒತ್ತಕ್ಷರ ಬರುವಲ್ಲಿ ನಾಲಗೆ ಒಂದು ಗಳಿಗೆ ತಡೆದು ನಿಲ್ಲುತ್ತದೆ. ಆ ತಡೆಯನ್ನು ಗುರುತಿಸಿರಿ.

೩. ಲ ಕಾರವೇ, ಳ ಕಾರವೇ? ಲ ಎನ್ನುವಾಗ ನಾಲಗೆಯ ತುದಿ ಹಲ್ಲಿನ ಬುಡಕ್ಕೆ ತಾಗುತ್ತದೆ. ಳ ಎನ್ನುವಾಗ ತುದಿ ಮೇಲಕ್ಕೆ ಮಡಿಚಿ ಅಂಗುಳಿಗೆ ತಾಗುತ್ತದೆ. ಕಾಲು ಚೀಲವೆಂದರೆ ಚೀಲದ ನಾಲ್ಕನೆಯ ಒಂದು ಪಾಲು; ಕಾಳು ಚೀಲವೆಂದರೆ ಧಾನ್ಯ ತುಂಬಿದ ಚೀಲ. ಹಾಲು ಡೇರಿಗೆ ಹೋಗುತ್ತದೆ. ಹಾಳು ಯಾರಿಗೂ ಬೇಡ. ಕೊಳ್ಳುವುದಕ್ಕೂ ಕೊಲ್ಲುವುದಕ್ಕೂ ಇರುವ ಅಂತರವನ್ನು ಹೇಳಬೇಕಾಗಿಲ್ಲ!

೪. ಹ ಕಾರವಿದೆಯೇ? ಅನೇಕ ಹಳ್ಳಿಗಳ ಆಡುಮಾತಿನಲ್ಲಿ ಹಸು 'ಅಸು' ಆಗುತ್ತದೆ, ಹಾಲು 'ಆಲು' ಆಗುತ್ತದೆ. ಮನೆಯಲ್ಲಿ, ಹೊಲದಲ್ಲಿ ಹೀಗೆ ಆಡುವುದು ತಪ್ಪಲ್ಲ, ಅದಕ್ಕಾಗಿ ನಾಚಬೇಕಾದುದೂ ಇಲ್ಲ. ಆದರೆ ಬರೆವಣಿಗೆಯಲ್ಲಿ ಹಕ್ಕಿ ಬೇರೆ, ಅಕ್ಕಿ ಬೇರೆ. ಹುಳು ಬೇರೆ, ಉಳು ಬೇರೆ. ಬರೆಯುವಾಗ ಮಾತ್ರ ಹ ಕಾರವನ್ನು ಮರಳಿ ಕರೆದುಕೊಳ್ಳಿರಿ.

ನಾಲಗೆ ಬದಲಾದಾಗ ಲಿಪಿಯೂ ಅದರ ಹಿಂದೆ ಬಂದದ್ದುಂಟು. ಹಳಗನ್ನಡದಲ್ಲಿ ಹೊಲವು 'ಪೊಲ' ಆಗಿತ್ತು, ಹಾಲು 'ಪಾಲ್' ಆಗಿತ್ತು. ಜನರ ಬಾಯಲ್ಲಿ ಪ ಕಾರ ಹ ಕಾರವಾಯಿತು. ಬರೆವಣಿಗೆಯೂ ಹಾಗೆಯೇ ಆಯಿತು. ಮಳೆ, ಬಾಳೆ, ಕೋಳಿ ಎಂಬ ಮಾತುಗಳಲ್ಲಿ ಹಿಂದೆ ೞ ಎಂಬ ಬೇರೊಂದು ಅಕ್ಷರವಿತ್ತು. ನಾಲಗೆ ಆ ದನಿಯನ್ನು ಬಿಟ್ಟ ಮೇಲೆ ಅಕ್ಷರವೂ ಬಳಕೆಯಿಂದ ಹೋಯಿತು.

ಇನ್ನು ಕಿವಿಯೊಂದನ್ನೇ ನಂಬಲಾಗದ ಎರಡು ಕಡೆಗಳಿವೆ. ಮೊದಲನೆಯದು ಮಹಾಪ್ರಾಣ. ಅಚ್ಚಗನ್ನಡದ ಮಾತುಗಳಿಗೆ ಇದು ಬೇಕಾಗುವುದು ಅಪರೂಪ. ಸಂಸ್ಕೃತದಿಂದ ಬಂದ ಭೂಮಿ, ಧಾನ್ಯ, ಫಲ ಮುಂತಾದವಕ್ಕೂ, ಕಂದಾಯ ಲೆಕ್ಕದಲ್ಲಿ ಬರುವ ಖಾತೆ, ಖರಾಬು, ಖುಷ್ಕಿ ಮುಂತಾದವಕ್ಕೂ ಬೇಕು. ನಾವು ಇವನ್ನು ಹಗುರವಾಗಿಯೇ ಆಡುತ್ತೇವಾದ್ದರಿಂದ ಕಣ್ಣಿನಿಂದ ನೋಡಿ ಕಲಿಯಬೇಕು. ಎರಡನೆಯದು ಅರ್ಕಾವೊತ್ತು. ಸರ್ವೆ, ಖರ್ಚು, ವರ್ಷ ಎನ್ನುವಾಗ ರ ಕಾರದ ದನಿ ಮೊದಲು ಬರುತ್ತದೆ. ಅದರ ಗುರುತನ್ನು ಮಾತ್ರ ಮುಂದಿನ ಅಕ್ಷರದ ಪಕ್ಕದಲ್ಲಿ ಹಾಕುತ್ತೇವೆ. ಓದುವಾಗ ಗುರುತನ್ನು ಮೊದಲು ನೋಡಿಕೊಳ್ಳಿರಿ.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. ನಿಮ್ಮ ಹೆಸರಿಗಾಗಿ, ನಿಮ್ಮ ಹೊಲಕ್ಕಾಗಿ. ಪಹಣಿ, ಆಧಾರ್ ಚೀಟಿ, ಬ್ಯಾಂಕಿನ ಪುಸ್ತಕ ಇವುಗಳಲ್ಲಿ ಹೆಸರು ಒಂದೇ ತೆರನಾಗಿ ಇಲ್ಲದಿದ್ದರೆ ಸಾಲಕ್ಕೂ ಪರಿಹಾರಕ್ಕೂ ಪೌತಿ ಖಾತೆಗೂ ಅಡ್ಡಿ ಬರುವುದುಂಟು. ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಲ ಕಾರಕ್ಕೂ ಳ ಕಾರಕ್ಕೂ ಸಾಮಾನ್ಯವಾಗಿ ಒಂದೇ ಅಕ್ಷರ. ಎಳೆತವೂ ಅನೇಕ ವೇಳೆ ಕಾಣುವುದಿಲ್ಲ. ಕಾಳಪ್ಪನೆಂಬ ಹೆಸರು ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಬರುವಷ್ಟರಲ್ಲಿ 'ಕಲಪ್ಪ' ಆಗಬಹುದು. ಹೊಲ ಕಾಳಪ್ಪನದು, ಕಾಗದ ಕಲಪ್ಪನದು ಎಂದಾದರೆ ಅಲೆದಾಟ ಯಾರದು?

ಊರಿನ ಹೆಸರುಗಳಿಗೂ ಈ ತೊಡಕು ಇತ್ತು. ಇಂಗ್ಲಿಷಿನಲ್ಲಿ ಬೇರೆ ಬಗೆಯಾಗಿ ಬರೆಯುತ್ತಿದ್ದ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬಳ್ಳಾರಿ, ಶಿವಮೊಗ್ಗ ಮೊದಲಾದ ೧೨ ಊರುಗಳ ಹೆಸರನ್ನು ೨೦೧೪ರ ನವೆಂಬರ್ ೧ರಿಂದ ಕನ್ನಡದ ನುಡಿಗೆ ಹೊಂದುವಂತೆ ತಿದ್ದಲಾಯಿತು. ಊರಿನ ಹೆಸರನ್ನು ಸರ್ಕಾರ ತಿದ್ದಿತು. ನಿಮ್ಮ ಹೆಸರನ್ನು ನೋಡಿಕೊಳ್ಳಬೇಕಾದವರು ನೀವೇ.

ಆದ್ದರಿಂದ ಈ ವಾರ ಮೂರು ಕೆಲಸ ಮಾಡಿರಿ. ಒಂದು, ಮನೆಯಲ್ಲಿರುವ ಪಹಣಿಯನ್ನೂ ಆಧಾರ್ ಚೀಟಿಯನ್ನೂ ಬ್ಯಾಂಕಿನ ಪುಸ್ತಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಹೆಸರನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿರಿ. ಓದು ಬಾರದವರು ಮಕ್ಕಳಿಂದ ಓದಿಸಿರಿ. ವ್ಯತ್ಯಾಸ ಕಂಡರೆ ಕೆಲಸ ಬಿದ್ದಾಗ ನೋಡೋಣವೆಂದು ಬಿಡದೆ, ಈಗಲೇ ತಿದ್ದುಪಡಿಗೆ ಅರ್ಜಿ ಕೊಡಿರಿ. ಎರಡು, ಯಾರಾದರೂ ಬರೆದುಕೊಟ್ಟ ಅರ್ಜಿಗೆ ರುಜು ಅಥವಾ ಹೆಬ್ಬೆಟ್ಟು ಹಾಕುವ ಮೊದಲು ಅದನ್ನು ಓದಿ ಹೇಳುವಂತೆ ಕೇಳಿರಿ. ಕೇಳುವುದು ನಿಮ್ಮ ಹಕ್ಕು. ಮೂರು, ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕುಳಿತು, ಒಬ್ಬರು ಹೇಳಿ ಉಳಿದವರು ಈ ಕೆಳಗಿನದನ್ನು ಬರೆಯಿರಿ:

"ಹತ್ತು ಆಳು ಹೊಲದ ಕಳೆ ಕಿತ್ತರು. ಬೆಳೆ ಚೆನ್ನಾಗಿ ಬಂತು. ಬೇಳೆಗೆ ಒಳ್ಳೆಯ ಬೆಲೆ ಸಿಕ್ಕಿತು. ಈ ಸಲ ಸಾಲ ತೀರಿತು."

ತಪ್ಪಿಲ್ಲದೆ ಬರೆದವರು ಈ ಪಾಠವನ್ನು ಕಲಿತಂತೆಯೇ. ತಪ್ಪಿದವರು ಮಾತನ್ನು ಮತ್ತೊಮ್ಮೆ ನಿಧಾನವಾಗಿ ಹೇಳಿ, ಕೇಳಿ, ಬರೆಯಿರಿ.