ಐದು ಸಾಲಿನ ಸ್ಕ್ರಿಪ್ಟ್, ಇಪ್ಪತ್ತು ಪುಟದ ವೆಬ್‌ಸೈಟ್

ಶಾಲೆಗೋ ಸಂಘಕ್ಕೋ ಇಪ್ಪತ್ತು ಪುಟದ ವೆಬ್‌ಸೈಟ್ ಮಾಡುವವರು ಒಂದು ಪುಟ ಬರೆದು ಉಳಿದದ್ದನ್ನು ಕಾಪಿ-ಪೇಸ್ಟ್ ಮಾಡಿಬಿಡುತ್ತಾರೆ. ಫೋನ್ ನಂಬರ್ ಬದಲಾದ ದಿನ ಇಪ್ಪತ್ತೂ ಫೈಲ್ ತಿದ್ದಬೇಕು. ಒಂದೆರಡು ಕಣ್ತಪ್ಪುವುದು ಖಂಡಿತ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. 1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ಇದ್ದ ‘ಕ್ಯಾಟ್’ ಕಮಾಂಡ್ ಸಾಕು. ಫೈಲುಗಳನ್ನು ಒಂದರ ಹಿಂದೊಂದು ಜೋಡಿಸುವುದು ಅದರ ಕೆಲಸ. ಲಿನಕ್ಸ್, ಮ್ಯಾಕ್‌ಗಳಲ್ಲಿ ಅದು ಇದ್ದೇ ಇರುತ್ತದೆ. ವಿಂಡೋಸ್‌ನವರು, ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ.

ಹಂತ 1: ಒಂದು ಫೋಲ್ಡರ್, ಅದರೊಳಗೆ ‘ಪುಟ’ ಮತ್ತು ‘ಸೈಟ್’ ಎಂಬ ಎರಡು ಫೋಲ್ಡರ್ ಮಾಡಿ.

ಹಂತ 2: ಈಗಾಗಲೇ ಇರುವ ಒಂದು ಪುಟವನ್ನು ಮೂರು ತುಂಡು ಮಾಡಿ. ಮೆನುವಿನವರೆಗಿನ ಭಾಗ ‘ಮೇಲೆ.ಎಚ್‌ಟಿಎಂಎಲ್’, ಪುಟದ ಅಡಿಭಾಗ ‘ಕೆಳಗೆ.ಎಚ್‌ಟಿಎಂಎಲ್’, ಇವೆರಡೂ ಹೊರಗಿನ ಫೋಲ್ಡರ್‌ನಲ್ಲಿರಲಿ. ನಡುವಿನ ಬರಹ ಮಾತ್ರ ‘ಪುಟ’ದೊಳಗೆ ಹೋಗಲಿ. ಉಳಿದ ಪುಟಗಳ ನಡುವಿನ ಬರಹವನ್ನೂ ಹೀಗೆಯೇ ಒಂದೊಂದು ಎಚ್‌ಟಿಎಂಎಲ್ ಫೈಲಾಗಿ ಅಲ್ಲಿಡಿ. ಮೇಲಿನ ತುಂಡಿನಲ್ಲಿ ಯುಟಿಎಫ್-8 ಎಂದು ಸಾರುವ ಮೆಟಾ ಟ್ಯಾಗ್ ಇದೆಯೇ ನೋಡಿ. ಅದಿಲ್ಲದಿದ್ದರೆ ಕನ್ನಡದ ಜಾಗದಲ್ಲಿ ಬ್ರೌಸರ್ ವಿಚಿತ್ರ ಚಿಹ್ನೆಗಳನ್ನು ತೋರಿಸೀತು.

ಹಂತ 3: ಹೊರಗಿನ ಫೋಲ್ಡರ್‌ನಲ್ಲಿ ‘ಕಟ್ಟು.ಎಸ್‌ಎಚ್’ ಎಂಬ ಫೈಲ್ ತೆರೆದು ಈ ಐದು ಸಾಲು ಬರೆಯಿರಿ. ಫೈಲಿನ ಹೆಸರುಗಳೂ ಸೇರಿ ಎಲ್ಲವೂ ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿರಲಿ:

ಸಿಡಿ ಪುಟ
ಫಾರ್ ಎಫ್ ಇನ್ *.ಎಚ್‌ಟಿಎಂಎಲ್
ಡೂ
ಕ್ಯಾಟ್ ../ಮೇಲೆ.ಎಚ್‌ಟಿಎಂಎಲ್ "$ಎಫ್" ../ಕೆಳಗೆ.ಎಚ್‌ಟಿಎಂಎಲ್ > "../ಸೈಟ್/$ಎಫ್"
ಡನ್

ನಕ್ಷತ್ರ ಚಿಹ್ನೆ ಎಂದರೆ ‘ಇಂಥ ಫೈಲುಗಳೆಲ್ಲ’. ಒಂದೊಂದು ಸುತ್ತಿನಲ್ಲೂ ‘$ಎಫ್’ ಜಾಗಕ್ಕೆ ಒಂದೊಂದು ಫೈಲಿನ ಹೆಸರು ಬಂದು ಕೂರುತ್ತದೆ. ನಿಜವಾಗಿ ಹೆದರಬೇಕಾದದ್ದು ‘>’ ಚಿಹ್ನೆಗೆ. ಆ ಹೆಸರಿನ ಫೈಲ್ ಮೊದಲೇ ಇದ್ದರೆ, ಸಾಮಾನ್ಯವಾಗಿ ಒಂದು ಮಾತೂ ಕೇಳದೆ ಅದನ್ನು ಅಳಿಸಿ ಹೊಸದು ಬರೆಯುತ್ತದೆ. ಮೂಲ ಬರಹವನ್ನೂ ಸಿದ್ಧ ಪುಟವನ್ನೂ ಬೇರೆ ಬೇರೆ ಫೋಲ್ಡರ್‌ನಲ್ಲಿ ಇಟ್ಟದ್ದು ಇದಕ್ಕೇ.

ಹಂತ 4: ಟರ್ಮಿನಲ್‌ನಲ್ಲಿ ಹೊರಗಿನ ಫೋಲ್ಡರ್‌ಗೆ ಹೋಗಿ ‘ಬ್ಯಾಶ್ ಕಟ್ಟು.ಎಸ್‌ಎಚ್’ ಎಂದು ಟೈಪಿಸಿ ಎಂಟರ್ ಒತ್ತಿ. ಪರದೆಯ ಮೇಲೆ ಏನೂ ಕಾಣಿಸದಿದ್ದರೆ ಕೆಲಸ ಆಗಿದೆ ಎಂದೇ ಅರ್ಥ.

ಹಂತ 5: ಚಿತ್ರಗಳನ್ನೂ ಸಿಎಸ್‌ಎಸ್ ಫೈಲನ್ನೂ ನೇರವಾಗಿ ‘ಸೈಟ್’ ಫೋಲ್ಡರ್‌ಗೆ ಹಾಕಿ. ಪುಟಗಳನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ, ಆ ಫೋಲ್ಡರನ್ನು ಮಾತ್ರ ಸರ್ವರ್‌ಗೆ ಅಪ್‌ಲೋಡ್ ಮಾಡಿ.

ಇನ್ನು ಫೋನ್ ನಂಬರ್ ಬದಲಾದರೆ ‘ಕೆಳಗೆ’ ಫೈಲನ್ನು ತಿದ್ದಿ, ಹಂತ 4 ಮತ್ತೊಮ್ಮೆ ಮಾಡಿ, ಪುಟಗಳನ್ನು ಮತ್ತೆ ಅಪ್‌ಲೋಡ್ ಮಾಡಿದರಾಯಿತು. ಎಲ್ಲ ಪುಟಕ್ಕೂ ಒಂದೇ ಶೀರ್ಷಿಕೆ ಬೀಳುವುದು ಈ ವಿಧಾನದ ಕೊರತೆ. ‘ಸೆಡ್’ ಕಮಾಂಡ್ ಕಲಿತರೆ ಅದೂ ನೀಗುತ್ತದೆ. ದಿನಾಂಕವಾರು ಪಟ್ಟಿ, ಟ್ಯಾಗ್, ಆರ್‌ಎಸ್‌ಎಸ್ ಬೇಕೆನಿಸಿದಾಗ ಹ್ಯೂಗೊ ಅಥವಾ ಜೆಕಿಲ್‌ನಂಥ ಸೈಟ್ ಕಟ್ಟುವ ಸಾಫ್ಟ್‌ವೇರ್ ಕಡೆ ನೋಡಿ, ಅದಕ್ಕೂ ಮೊದಲು ಬೇಡ.