ಇದ್ದ ದನಿಯನ್ನು ಇದ್ದಂತೆ ಕೇಳುವುದು: ಹೆಡ್‌ಫೋನ್ ಆಯ್ಕೆಯ ವಿವೇಕ

ತಂಬೂರಿಯ ನಾಲ್ಕು ತಂತಿಗಳಲ್ಲಿ ಸಾಮಾನ್ಯವಾಗಿ ಒಂದು ಪಂಚಮಕ್ಕೂ, ಎರಡು ಮಧ್ಯ ಷಡ್ಜಕ್ಕೂ, ಕೊನೆಯದು ಮಂದ್ರ ಷಡ್ಜಕ್ಕೂ ಕೂಡಿರುತ್ತವೆ. ಗಾಂಧಾರಕ್ಕೆಂದು ಮೀಸಲಾದ ತಂತಿ ಒಂದೂ ಇಲ್ಲ. ಆದರೂ ಶ್ರುತಿ ಶುದ್ಧವಾಗಿ ಸೇರಿದಾಗ ಆ ನಾದದೊಳಗಿನಿಂದ ಗಾಂಧಾರ ತಾನಾಗಿಯೇ ಎದ್ದುಬರುತ್ತದೆ. ಸಂಗೀತಗಾರರು ಇದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ಮೀಟಿದ ತಂತಿಯು ತನ್ನ ಮೂಲ ಕಂಪನದ ಜೊತೆಗೆ ಅದರ ಎರಡು, ಮೂರು, ನಾಲ್ಕು, ಐದು ಪಟ್ಟು ವೇಗದಲ್ಲಿಯೂ ಕಂಪಿಸುತ್ತದೆ. ಮಂದ್ರ ಷಡ್ಜದ ಐದನೆಯ ಪಟ್ಟು ಗಾಂಧಾರವೇ ಆಗಿರುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ನೂಲಿನ ಎಳೆಯು ಈ ಒಳನಾದಗಳಿಗೆ ಹೊಳಪು ಕೊಡುತ್ತದೆ. ತಂಬೂರಿಗೂ ಸಿತಾರಿಗೂ ಹೆಸರಾದ ಮಿರಜದ ಕುಶಲಕರ್ಮಿಗಳು ಈ ಹೊಳಪನ್ನು ಜವಾರಿಯೆಂದು ಕರೆಯುತ್ತಾರೆ.

ಧ್ವನಿಮುದ್ರಿಕೆಯಲ್ಲಿ ಈ ಗಾಂಧಾರವೂ ಈ ಜವಾರಿಯೂ ಅಡಗಿರುತ್ತವೆ. ಕೇಳುವವನ ಕಿವಿಗೆ ಅವು ತಲಪುವವೋ ಇಲ್ಲವೋ ಎಂಬುದು ಹೆಡ್‌ಫೋನಿನ ಯೋಗ್ಯತೆಯನ್ನು ಅವಲಂಬಿಸಿದೆ. ಆದ್ದರಿಂದ ಹೆಡ್‌ಫೋನ್ ಆಯ್ಕೆಯ ಮೊದಲ ಸೂತ್ರ ಇಷ್ಟೇ: ಮೂಲದಲ್ಲಿದ್ದುದನ್ನು ಕಳೆಯದೆ, ಇಲ್ಲದ್ದನ್ನು ಕೂಡಿಸದೆ ಕೇಳಿಸುವುದು ಉತ್ತಮ ಹೆಡ್‌ಫೋನ್.

ಮಾತಿನಿಂದ ಸಂಗೀತದೆಡೆಗೆ

ಹೆಡ್‌ಫೋನ್ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತನು ತನ್ನ ಮನೆಯ ಅಡುಗೆಕೋಣೆಯಲ್ಲಿ ತಯಾರಿಸಿದ ಜೋಡಿ ಶ್ರವಣಯಂತ್ರಗಳನ್ನು ಆ ದೇಶದ ನೌಕಾಪಡೆಯು ರೇಡಿಯೊ ಸಂದೇಶಗಳನ್ನು ಆಲಿಸಲು ಕೊಂಡುಕೊಂಡಿತು. ಸಂಗೀತವನ್ನು ಎರಡು ಕಿವಿಗಳಿಗೂ ಬೇರೆಬೇರೆಯಾಗಿ ಉಣಿಸುವ ಸ್ಟೀರಿಯೊ ಹೆಡ್‌ಫೋನನ್ನು ಜಾನ್ ಕಾಸ್ ರೂಪಿಸಿದ್ದು 1958ರಲ್ಲಿ. 1979ರಲ್ಲಿ ಸೋನಿ ಸಂಸ್ಥೆಯ ವಾಕ್‌ಮನ್ ಬಂದ ಮೇಲೆ ಸಂಗೀತವು ಕೋಣೆಯನ್ನು ಬಿಟ್ಟು ಬೀದಿಯಲ್ಲಿ ನಡೆಯತೊಡಗಿತು. ಅಸ್ಪಷ್ಟ ಮಾತನ್ನು ಸ್ಪಷ್ಟವಾಗಿ ಹಿಡಿಯುವುದೇ ಈ ಉಪಕರಣದ ಮೂಲ ಉದ್ದೇಶವಾಗಿತ್ತೆಂಬುದನ್ನು ಭಾಷೆಯ ವಿದ್ಯಾರ್ಥಿಯು ನೆನಪಿನಲ್ಲಿಡಬೇಕು.

ಅಕ್ಷರಗಳು ಎಲ್ಲಿ ನೆಲೆಸಿವೆ

ಆರೋಗ್ಯವಂತ ಎಳೆಯ ಕಿವಿಯು ಸುಮಾರು 20ರಿಂದ 20,000 ಹರ್ಟ್ಸ್ ವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ಡೊಳ್ಳಿನ ಗುಡುಗು ಇದರ ಕೆಳತುದಿಯ ಕಡೆಗೂ, ತಾಳದ ಝಣತ್ಕಾರವು ಮೇಲ್ತುದಿಯ ಕಡೆಗೂ ಇರುತ್ತವೆ. ಮನುಷ್ಯನ ಕಂಠದ ಮೂಲನಾದವು ಕೆಲವು ನೂರು ಹರ್ಟ್ಸ್‌ಗಳಷ್ಟೇ. ಆದರೆ ಮಾತಿನ ಅರ್ಥವನ್ನು ಹೊರುವ ವ್ಯಂಜನಗಳು ಬಹುಪಾಲು ಮೇಲಿನ ನೆಲೆಯಲ್ಲಿವೆ. ಹಾಲು, ಹಾಳು ಎಂಬ ಪದಗಳನ್ನು ಬೇರ್ಪಡಿಸುವ ಲಕಾರ ಳಕಾರಗಳ ಭೇದವು ಸುಮಾರು 2,000 ಹರ್ಟ್ಸ್ ಆಸುಪಾಸಿನಲ್ಲಿ ಮತ್ತು ಅದರ ಮೇಲೆ ಕಾಣಿಸಿಕೊಳ್ಳುತ್ತದೆ. ಶಂಕರ, ಸಂಕರ ಪದಗಳ ಮೊದಲಕ್ಷರಗಳ ಭೇದವು ಇನ್ನೂ ಮೇಲಿದೆ. ಸಕಾರದ ಸೀತ್ಕಾರವು 4,000 ಹರ್ಟ್ಸ್ ದಾಟಿದ ಮೇಲೆಯೇ ಪ್ರಬಲವಾಗುತ್ತದೆ. ಹಾಡು, ಆಡು ಎಂಬೆರಡರ ನಡುವೆ ಇರುವುದು ಕೇವಲ ಒಂದು ಉಸಿರು.

ಪೇಟೆಯಲ್ಲಿ ದೊರೆಯುವ ಅನೇಕ ಹೆಡ್‌ಫೋನುಗಳು ಕೆಳಗಿನ ನಾದವನ್ನು, ಅಂದರೆ ಬೇಸ್ ಅನ್ನು, ಉದ್ದೇಶಪೂರ್ವಕವಾಗಿ ಉಬ್ಬಿಸುತ್ತವೆ. ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದವನಿಗೆ ಅದು ಗಂಭೀರವೆನಿಸಬಹುದು. ಆದರೆ ಪ್ರಬಲವಾದ ಕೆಳನಾದವು ಮೇಲಿನ ಸೂಕ್ಷ್ಮ ನಾದಗಳನ್ನು ಮರೆಮಾಡುವುದು ಕಿವಿಯ ಸ್ವಭಾವ. ಜತ್ತ, ಅಕ್ಕಲಕೋಟೆ ಸೀಮೆಯ ಡೊಳ್ಳಿನ ಪದವೊಂದನ್ನು ಇಂಥ ಹೆಡ್‌ಫೋನಿನಲ್ಲಿ ಆಲಿಸಿ ಬರೆದುಕೊಳ್ಳಲು ಕುಳಿತ ವಿದ್ಯಾರ್ಥಿಗೆ ಡೊಳ್ಳು ಕೇಳಿಸೀತು, ಪದ ಕೇಳಿಸದು. ಹಾಡುಗಾರ್ತಿಯು ಹಾಲು ಎಂದದ್ದು ಹಾಳು ಎಂದು ಪುಸ್ತಕಕ್ಕೆ ಇಳಿದರೆ ಆಕೆಯ ನುಡಿಯೇ ಕೆಟ್ಟಂತಾಯಿತು. ಆಕೆ ಕಾಲವಾದ ಬಳಿಕ ಆ ತಪ್ಪನ್ನು ತಿದ್ದುವವರು ಯಾರು?

ಪೆಟ್ಟಿಗೆಯ ಮೇಲಿನ ಅಂಕಿಗಳು

“20–20,000 ಹರ್ಟ್ಸ್” ಎಂಬ ಬರಹವು ಬಹುತೇಕ ಎಲ್ಲ ಪೆಟ್ಟಿಗೆಗಳ ಮೇಲೂ ಇರುತ್ತದೆ. ಆ ವ್ಯಾಪ್ತಿಯಲ್ಲಿ ಯಾವ ನಾದ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂಬುದನ್ನು ಅದು ತಿಳಿಸದು. ಆಯ್ಕೆಗೆ ಅದರಿಂದ ದೊರೆಯುವ ನೆರವು ಅತ್ಯಲ್ಪ. ಧ್ವನಿಫಲಕದ ವ್ಯಾಸ 40 ಮಿಲಿಮೀಟರ್, 50 ಮಿಲಿಮೀಟರ್ ಎಂಬುದರಿಂದಲೂ ಗುಣ ನಿರ್ಣಯವಾಗದು.

ಓಮ್‌ಗಳಲ್ಲಿ ಹೇಳುವ ಪ್ರತಿರೋಧದ ಅಂಕಿ ಮಾತ್ರ ಪ್ರಯೋಜನಕಾರಿ. 16ರಿಂದ 32 ಓಮ್‌ಗಳ ಹೆಡ್‌ಫೋನುಗಳನ್ನು ಮೊಬೈಲ್ ಸಾಮಾನ್ಯವಾಗಿ ಸಲೀಸಾಗಿ ನುಡಿಸಬಲ್ಲದು. 250 ಅಥವಾ 300 ಓಮ್‌ಗಳ ಹೆಡ್‌ಫೋನುಗಳಿಗೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾದೀತು. ಸೆನ್ಸಿಟಿವಿಟಿ ಎಂಬ ಅಂಕಿಯು ನಿರ್ದಿಷ್ಟ ವಿದ್ಯುತ್ತಿಗೆ ಎಷ್ಟು ಗಟ್ಟಿಯಾದ ಧ್ವನಿ ಬರುವುದೆಂಬುದನ್ನು ಸೂಚಿಸುತ್ತದೆ, ಧ್ವನಿಯ ಸೊಗಸನ್ನಲ್ಲ.

ಬೆಲೆಯೂ ಖಚಿತವಾದ ಅಳತೆಗೋಲಲ್ಲ. 283 ಹೆಡ್‌ಫೋನುಗಳನ್ನು ಅಳೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಅವುಗಳ ನಾದಸಮತೋಲನಕ್ಕೂ ಮಾರಾಟದ ಬೆಲೆಗೂ ಸಂಬಂಧವನ್ನು ಕಾಣಲಿಲ್ಲ. ಹೆಚ್ಚು ಬೆಲೆಯು ಬಾಳಿಕೆ, ಹಗುರತನ, ಸೌಕರ್ಯಗಳಿಗೆ ಸಲ್ಲಬಹುದು. ಅಲ್ಪ ಹಣದ ವಿದ್ಯಾರ್ಥಿಯು ಇದರಿಂದ ಧೈರ್ಯ ತಂದುಕೊಳ್ಳಬಹುದು.

ರೂಪಭೇದಗಳು

ಕಿವಿಯನ್ನು ಪೂರ್ಣವಾಗಿ ಆವರಿಸುವ ಹೆಡ್‌ಫೋನುಗಳಲ್ಲಿ ಎರಡು ಬಗೆ. ಹಿಂಬದಿ ತೆರೆದಿರುವವುಗಳಲ್ಲಿ ನಾದವು ವಿಶಾಲವಾಗಿ, ಸಹಜವಾಗಿ ಹರಡುತ್ತದೆ. ಆದರೆ ಹೊರಗಿನ ಸದ್ದು ಒಳಬರುತ್ತದೆ, ಒಳಗಿನ ಹಾಡು ಹೊರಹೋಗುತ್ತದೆ. ಇವು ಶಾಂತವಾದ ಕೋಣೆಗೆ ಒಪ್ಪುತ್ತವೆ, ಗ್ರಂಥಾಲಯಕ್ಕೆ ಒಪ್ಪವು. ಹಿಂಬದಿ ಮುಚ್ಚಿರುವವು ಹಾಸ್ಟೆಲಿಗೂ, ಕ್ಷೇತ್ರಕಾರ್ಯದ ಧ್ವನಿಮುದ್ರಣಕ್ಕೂ ತಕ್ಕವು. ಕಿವಿಯೊಳಗೆ ಸೇರಿಸುವ ಇಯರ್‌ಫೋನುಗಳು ಚಿಕ್ಕವಾದರೂ ಗುಣದಲ್ಲಿ ಕೀಳಲ್ಲ. ಜೊತೆಗೆ ಕೊಡುವ ಮೂರು ಅಳತೆಯ ರಬ್ಬರ್ ತುದಿಗಳಲ್ಲಿ ಸರಿಯಾದುದನ್ನು ಆರಿಸಬೇಕು. ಅದು ಸಡಿಲವಾದರೆ ಕೆಳಗಿನ ನಾದವೆಲ್ಲ ಸೋರಿಹೋಗುತ್ತದೆ.

ಸದ್ದಳಿಸುವ ವಿದ್ಯುನ್ಮಾನ ವ್ಯವಸ್ಥೆಯು ಬಸ್ಸಿನ ಎಂಜಿನ್ನಿನಂಥ ಏಕತಾನದ ಮೊರೆತವನ್ನು ಚೆನ್ನಾಗಿ ತಗ್ಗಿಸುತ್ತದೆ. ಪಕ್ಕದವರ ಮಾತನ್ನು ಅಷ್ಟಾಗಿ ತಗ್ಗಿಸದು. ಬ್ಲೂಟೂತ್ ಹೆಡ್‌ಫೋನುಗಳು ಅನುಕೂಲಕರವಾದರೂ ಅವುಗಳ ಬ್ಯಾಟರಿಗೆ ಆಯುಷ್ಯ ಮಿತ. ಕೊಟ್ಟ ಹಣವೆಲ್ಲ ಧ್ವನಿಗೇ ಸಲ್ಲಬೇಕೆನ್ನುವವರಿಗೆ ತಂತಿಯಿರುವುದೇ ಲೇಸು. ತಂತಿಯನ್ನೂ ಕಿವಿಯ ಮೆತ್ತೆಗಳನ್ನೂ ಬದಲಾಯಿಸುವಂತಿದ್ದರೆ ಅದು ಹಲವು ವರ್ಷ ಬಾಳುತ್ತದೆ.

ಕಿವಿಯಿಂದ ಪರೀಕ್ಷೆ

ಅಂಗಡಿಯವರು ಕೇಳಿಸುವ ಹಾಡಿನಿಂದ ನಿರ್ಣಯಕ್ಕೆ ಬರಬಾರದು. ವಿದ್ಯಾರ್ಥಿಯು ತಾನು ನೂರು ಸಲ ಕೇಳಿ ಬಲ್ಲ ಮೂರು ಮುದ್ರಿಕೆಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಬೇಕು. ಮೊದಲನೆಯದು ಬರಿಯ ತಂಬೂರಿಯ ನಾದ: ಅದರಲ್ಲಿ ಗಾಂಧಾರ ಏಳುವುದೇ, ಜವಾರಿಯ ಹೊಳಪು ಉಳಿದಿದೆಯೇ ಎಂದು ನೋಡಬೇಕು. ಎರಡನೆಯದು ಗಂಗೂಬಾಯಿ ಹಾನಗಲ್ ಅವರಂಥ ಘನವಾದ ಕಂಠ: ಅದು ಬಿಗಿಯಾಗಿ ಕೇಳಬೇಕು, ಮಬ್ಬಾಗಬಾರದು. ಮೂರನೆಯದು ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದಂಥ ಸಾಹಿತ್ಯಪ್ರಧಾನ ಹಾಡು: ಆಲಾಪದ ನಡುವೆಯೂ ಪ್ರತಿಯೊಂದು ಅಕ್ಷರ ಬಿಡಿಯಾಗಿ ನಿಲ್ಲಬೇಕು, ಸಕಾರವು ಕಿವಿಗೆ ಚುಚ್ಚಬಾರದು.

ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಧ್ವನಿಯ ಗಟ್ಟಿತನ ಸಮವಾಗಿರಬೇಕು. ತುಸು ಗಟ್ಟಿಯಾಗಿ ನುಡಿಯುವುದೇ ಉತ್ತಮವೆಂದು ಕಿವಿಯು ಭ್ರಮಿಸುತ್ತದೆ. ಕನಿಷ್ಠ ಕಾಲು ಗಂಟೆ ಧರಿಸಿ ನೋಡಬೇಕು. ಕಿವಿ ಬೆವರಿದರೆ, ನೆತ್ತಿ ನೋಯತೊಡಗಿದರೆ ಮಿಕ್ಕ ಗುಣಗಳಿದ್ದೂ ವ್ಯರ್ಥ.

ಮೂಲದ ಮಿತಿಯನ್ನೂ ಅರಿತಿರಬೇಕು. ಮಿರಜದಲ್ಲಿ ನೆಲೆಸಿದ್ದ, ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುವಾಗಿದ್ದ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡರು. ಅವರ ಗಾಯನ ಉಳಿದಿರುವುದು ಹಳೆಯ ಗ್ರಾಮೊಫೋನ್ ತಟ್ಟೆಗಳಲ್ಲಿ. ಅಂದಿನ ಯಂತ್ರವು ಹಿಡಿಯದೆ ಬಿಟ್ಟ ನಾದವನ್ನು ಇಂದಿನ ಯಾವ ಹೆಡ್‌ಫೋನೂ ಮರಳಿಸದು. ಒಳ್ಳೆಯ ಹೆಡ್‌ಫೋನಿನಲ್ಲಿ ತಟ್ಟೆಯ ಕರಕರವೂ ಸ್ಪಷ್ಟವಾಗಿ ಕೇಳಿಸೀತು. ಅದು ದೋಷವಲ್ಲ, ಪ್ರಾಮಾಣಿಕತೆ.

ಕಿವಿಯ ಕಾಪು

ಒಳಗಿವಿಯಲ್ಲಿ ನಾದವನ್ನು ಗ್ರಹಿಸುವ ರೋಮಕೋಶಗಳು ಸುಮಾರು 15,000 ಮಾತ್ರ. ಮನುಷ್ಯನಲ್ಲಿ ನಾಶವಾದ ಕೋಶ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಆಲಿಸಬಹುದು. 90 ಡೆಸಿಬೆಲ್‌ಗೆ ಏರಿದರೆ ಆ ಅವಧಿ ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ನಾದಶಕ್ತಿ ಇಮ್ಮಡಿಯಾಗುವುದೇ ಇದಕ್ಕೆ ಕಾರಣ. ಧ್ವನಿಯನ್ನು ಗರಿಷ್ಠದ ಶೇಕಡಾ 60ಕ್ಕಿಂತ ಕೆಳಗಿಡಬೇಕೆಂಬುದೂ ಅದೇ ಸಂಸ್ಥೆಯ ಸಲಹೆ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವಿಕೆ ಉಳಿದರೆ ಅದು ಎಚ್ಚರಿಕೆಯ ಗಂಟೆ.

ಅತಿ ಸದ್ದಿನಿಂದಾಗುವ ಹಾನಿಯು ಸಾಮಾನ್ಯವಾಗಿ ಮೊದಲು ತಾಗುವುದು 3,000ರಿಂದ 6,000 ಹರ್ಟ್ಸ್ ನಡುವಿನ ನೆಲೆಗೆ. ಸಕಾರ ಶಕಾರಗಳ ಭೇದವು ವಾಸಿಸುವ ನೆಲೆಯೂ ಅದೇ. ಡೊಳ್ಳು ಕೇಳಿಸುತ್ತಲೇ ಇರುತ್ತದೆ. ಅಕ್ಷರಗಳು ಒಂದೊಂದಾಗಿ ಜಾರುತ್ತವೆ. ಹೆಡ್‌ಫೋನ್ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ನುಡಿಯನ್ನೇ ಓದಿನ ವಿಷಯವಾಗಿ ಆರಿಸಿಕೊಂಡವರಿಗೆ ಕಿವಿಯೇ ಮೊದಲ ಗ್ರಂಥ. ಅದಕ್ಕೆ ಎರಡನೆಯ ಪ್ರತಿ ಇಲ್ಲ.

ಅಭ್ಯಾಸ

1. ಮನೆಯ ಹಿರಿಯರಿಂದ ಬೀಸುಕಲ್ಲಿನ ಪದ ಅಥವಾ ಭಜನೆಯೊಂದನ್ನು ಮೊಬೈಲಿನಲ್ಲಿ ಮುದ್ರಿಸಿರಿ. ಇಬ್ಬರು ವಿದ್ಯಾರ್ಥಿಗಳು ಬೇರೆಬೇರೆ ಹೆಡ್‌ಫೋನುಗಳಲ್ಲಿ ಆಲಿಸಿ ಪಠ್ಯವನ್ನು ಬರೆಯಿರಿ. ಭಿನ್ನವಾದ ಪದಗಳನ್ನು ಪಟ್ಟಿಮಾಡಿ, ಹಾಡಿದವರನ್ನೇ ಕೇಳಿ ನಿರ್ಣಯಿಸಿರಿ.
2. ಲ–ಳ, ಸ–ಶ, ಅ–ಹ ಭೇದದಿಂದ ಮಾತ್ರ ಅರ್ಥ ಬದಲಾಗುವ ಹತ್ತು ಪದಜೋಡಿಗಳನ್ನು ಸಂಗ್ರಹಿಸಿರಿ. ಅವುಗಳಲ್ಲಿ ಯಾವುವು ನಿಮ್ಮೂರಿನ ಆಡುಮಾತಿನಲ್ಲಿ ಒಂದಾಗಿವೆ?
3. ಹಾಡಿನ ನಾದ ಮತ್ತು ಸಾಹಿತ್ಯಗಳಲ್ಲಿ ಯಾವುದನ್ನು ಕಿವಿ ಮೊದಲು ಹಿಡಿಯುತ್ತದೆ? ಸ್ವಾನುಭವದಿಂದ ಒಂದು ಪುಟದಲ್ಲಿ ವಿವೇಚಿಸಿರಿ.