ಜಿಲೇಬಿ ಮೀನಿನಲ್ಲಿ ಗಂಡುಹೆಣ್ಣುಗಳ ನಿರ್ಣಯ

ಜಿಲೇಬಿ ಮೀನೆಂದು ಜನರು ಕರೆಯುವ ತಿಲಾಪಿಯ ಜಾತಿಗಳಲ್ಲಿ ಮೊಜಾಂಬಿಕ್ ತಿಲಾಪಿಯವು 1952ರಲ್ಲಿ ಭಾರತಕ್ಕೆ ಬಂದಿತು. ಈಗ ಹೊಂಡಗಳಲ್ಲಿ ಸಾಕಲು ಹೆಚ್ಚಾಗಿ ಆರಿಸುವುದು ನೈಲ್ ತಿಲಾಪಿಯವನ್ನು. ಇದನ್ನು ಸಾಕುವವರಿಗೆ ಒದಗುವ ಮುಖ್ಯ ತೊಂದರೆಯು ಸಂತಾನದ ಕೊರತೆಯಲ್ಲ, ಅದರ ಅತಿಶಯವೇ. ಆರು ತಿಂಗಳು ತುಂಬುವ ಮೊದಲೇ ಈ ಮೀನು ಸಂತಾನಕ್ಕೆ ತೊಡಗುವುದುಂಟು. ಹೆಣ್ಣು ತತ್ತಿಗಳನ್ನೂ ಎಳೆಮರಿಗಳನ್ನೂ ಬಾಯಲ್ಲಿಟ್ಟು ಕಾಯುವುದರಿಂದ ಮರಿಗಳು ಬಹಳವಾಗಿ ಉಳಿಯುವುವು. ತಾಯಿಯಾದರೋ ಬೆಳವಣಿಗೆಯಲ್ಲಿ ಗಂಡಿಗಿಂತ ಹಿಂದೆ ಬೀಳುವುದು. ಹೊಂಡದ ಆಹಾರವೆಲ್ಲ ಮರಿಗಳ ಪಾಲಾಗಿ, ಮಾರಾಟಕ್ಕೆ ತಕ್ಕ ಮೀನು ದೊರೆಯದು. ಆದುದರಿಂದ ಗಂಡುಮರಿಗಳನ್ನು ಮಾತ್ರ ಬಿಡುವುದು ಲಾಭಕರವು. ಅಂತಹ ಮರಿಗಳನ್ನು ಪಡೆಯುವ ಬಗೆಯನ್ನು ಭೂಮಾಲೀಕರು ಅರಿತಿರುವುದು ಅವಶ್ಯಕ.

ಅನುವಂಶೀಯ ಗುಣಗಳನ್ನು ಹೊತ್ತಿರುವ ಸೂಕ್ಷ್ಮವಾದ ಎಳೆಗಳಿಗೆ ವರ್ಣತಂತುಗಳೆಂದು ಹೆಸರು. ನೈಲ್ ತಿಲಾಪಿಯದ ಹೆಣ್ಣಿನಲ್ಲಿ ಎರಡು ಎಕ್ಸ್ ತಂತುಗಳೂ, ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ ತಂತುವೂ ಇರುವುವು. ತಾಯಿಯಿಂದ ಎಕ್ಸ್ ಮಾತ್ರವೇ ಬರುವುದು. ತಂದೆಯಿಂದ ವೈ ಬಂದರೆ ಮರಿ ಗಂಡು, ಎಕ್ಸ್ ಬಂದರೆ ಹೆಣ್ಣು. ಹೀಗೆ ಸುಮಾರು ಅರ್ಧಕ್ಕರ್ಧ ಹುಟ್ಟುವುವು.

ಆದರೆ ಪಶುಗಳಲ್ಲಿರುವಷ್ಟು ದೃಢತೆಯು ಈ ನಿಯಮಕ್ಕೆ ಮೀನಿನಲ್ಲಿಲ್ಲ. ಎಳೆಮರಿಗಳನ್ನು 36 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾದ ನೀರಿನಲ್ಲಿ ಬೆಳೆಸಿದರೆ, ಎರಡು ಎಕ್ಸ್ ಇರುವ ಮರಿಗಳಲ್ಲಿಯೂ ಕೆಲವು ಗಂಡಾಗುವುವು. ಗಂಡು ಹಾರ್ಮೋನನ್ನು ಆಹಾರದಲ್ಲಿ ಬೆರೆಸಿ ಸುಮಾರು 21ರಿಂದ 28 ದಿನ ಕೊಟ್ಟರೂ ಹಾಗೆಯೇ. ಮರಿ ಉತ್ಪಾದಿಸುವವರು ಸಾಮಾನ್ಯವಾಗಿ ಅನುಸರಿಸುವ ಕ್ರಮವಿದು. ಇನ್ನೊಂದು ಕ್ರಮದಲ್ಲಿ, ಹಲವು ತಲೆಮಾರುಗಳ ಸಂಕರದಿಂದ ಎರಡು ವೈ ತಂತುಗಳುಳ್ಳ ಗಂಡನ್ನು ಪಡೆಯುವರು. ಅದರ ಮರಿಗಳು ಬಹುಮಟ್ಟಿಗೆ ಎಲ್ಲವೂ ಗಂಡೇ.

ಹಾರ್ಮೋನಿನಿಂದ ಹೊರರೂಪವು ಬದಲಾಗುವುದೇ ಹೊರತು ವರ್ಣತಂತುಗಳು ಬದಲಾಗವು ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಹೀಗೆ ಗಂಡಾದ ಎಕ್ಸ್-ಎಕ್ಸ್ ಮೀನು ಸಾಧಾರಣ ಹೆಣ್ಣಿನೊಡನೆ ಕೂಡಿದರೆ, ಸಂತಾನವು ಬಹುತೇಕ ಹೆಣ್ಣೇ ಆಗುವುದು. ಅಂತಹ ಹೊಂಡದಿಂದ ತಳಿಮೀನನ್ನು ಆರಿಸಿದವನು ತಾನು ಬಯಸಿದ್ದಕ್ಕೆ ವಿರುದ್ಧವಾದ ಫಲವನ್ನೇ ಪಡೆಯುವನು.

ಆದಕಾರಣ ತಿಲಾಪಿಯ ಸಾಕಬಯಸುವವರು ಮೊದಲು ಮೀನುಗಾರಿಕೆ ಇಲಾಖೆಯ ಅನುಮತಿಯನ್ನು ಪಡೆಯತಕ್ಕದ್ದು. ಮರಿಗಳನ್ನು ಯಾವ ಕ್ರಮದಿಂದ ಪಡೆದರೆಂದು ಮಾರುವವರನ್ನು ಕೇಳತಕ್ಕದ್ದು. ಪ್ರತಿ ಬೆಳೆಗೂ ಹೊಸ ಮರಿಗಳನ್ನೇ ತರತಕ್ಕದ್ದು. ಹೊಂಡದ ಅಂಚಿನಲ್ಲಿ ಎಳೆಮರಿಗಳು ಕಂಡರೆ ಹೆಣ್ಣುಗಳು ಸೇರಿವೆಯೆಂದು ತಿಳಿದು, ಬಲೆ ಹಾಕಿ ಅವನ್ನು ತೆಗೆಯಬೇಕು. ನೀರು ಹೊರಹೋಗುವ ದಾರಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಕಟ್ಟಿ, ಮೀನು ಊರಕೆರೆಗೆ ಸೇರದಂತೆ ಗ್ರಾಮದ ಮುಖಂಡರು ನೋಡಿಕೊಳ್ಳಬೇಕು.